ಕಸುಬಿನ ಚಿತ್ರಗಳು ಮತ್ತು ಕೊಳ್ಳುವವರ ಕಣ್ಣು: ಕ್ಯಾಂಟನ್, ಬಾಲಾಘಾಟ್ ಹಾಗೂ ರಾಯಚೂರು ಸೀಮೆ

ಪೀಠಿಕೆ

ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಏಷ್ಯಾದ ಹಲವು ಪಟ್ಟಣಗಳಲ್ಲಿ ಒಂದು ವಿಶಿಷ್ಟ ಬಗೆಯ ಚಿತ್ರಗಳು ಹೇರಳವಾಗಿ ರಚನೆಗೊಂಡವು. ಕ್ಷೌರಿಕ, ಚಮ್ಮಾರ, ಕುಂಬಾರ, ನೀರು ಹೊರುವವನು, ಹಾವಾಡಿಗ, ಬೀದಿಯಲ್ಲಿ ತಿಂಡಿ ಮಾರುವವಳು ಮುಂತಾಗಿ ದಿನನಿತ್ಯದ ಕಸುಬಿನ ಜನರು ಈ ಚಿತ್ರಗಳ ವಸ್ತು. ಇವನ್ನು ಬರೆದವರು ಸ್ಥಳೀಯ ಚಿತ್ರಗಾರರು. ಕೊಂಡವರು ಬಹುಮಟ್ಟಿಗೆ ಐರೋಪ್ಯ ವರ್ತಕರು, ಸೈನ್ಯಾಧಿಕಾರಿಗಳು, ಪಾದ್ರಿಗಳು ಮತ್ತು ಪ್ರವಾಸಿಗಳು. ಚೀನಾದಲ್ಲಿ ಇವು ಕ್ಯಾಂಟನ್ನಿನ ರಫ್ತು ಚಿತ್ರಗಳೆಂದೂ ಭಾರತದಲ್ಲಿ ಕಂಪನಿ ಶೈಲಿಯ ಚಿತ್ರಗಳೆಂದೂ ಕಲಾಚರಿತ್ರೆಯಲ್ಲಿ ಹೆಸರಾಗಿವೆ.

ಕರ್ನಾಟಕದ ಸಾಮಾಜಿಕ ಚರಿತ್ರೆಯನ್ನು, ಅದರಲ್ಲೂ ಉಡುಗೆ ತೊಡುಗೆ ಮತ್ತು ಉಪಕರಣಗಳ ಚರಿತ್ರೆಯನ್ನು ಬರೆಯುವವರಿಗೆ ಕಂಪನಿ ಶೈಲಿಯ ಚಿತ್ರಗಳು ಆಕರ್ಷಕ ಆಕರಗಳಾಗಿವೆ. ಆದರೆ ಚಿತ್ರವು ಕಣ್ಣಿಗೆ ಕಾಣುವಂತಿರುವುದರಿಂದಲೇ ಅದು ನಿಜವನ್ನು ಹೇಳುತ್ತದೆಂಬ ಭಾವನೆ ಸುಲಭವಾಗಿ ನೆಲೆಗೊಳ್ಳುತ್ತದೆ. ಈ ಚಿತ್ರಗಳು ಯಾವ ಪೇಟೆಗಾಗಿ ಹುಟ್ಟಿದವು, ಯಾವ ಪ್ರದೇಶವನ್ನು ತಲುಪಿದವು, ಯಾವುದನ್ನು ತಲುಪಲಿಲ್ಲ ಎಂಬ ಪ್ರಶ್ನೆಗಳನ್ನು ಕೇಳದೆ ಇವನ್ನು ಬಳಸಿದರೆ ಒಂದು ಸೀಮೆಯ ಚಿತ್ರವು ಮತ್ತೊಂದು ಸೀಮೆಯ ಚರಿತ್ರೆಯಾಗಿಬಿಡುವ ಅಪಾಯವಿದೆ. ತುಂಗಭದ್ರೆಯ ಉತ್ತರ ದಂಡೆಯ ರಾಯಚೂರು, ಮಾನ್ವಿ, ದೇವದುರ್ಗಗಳನ್ನು ಒಳಗೊಂಡ ಪ್ರದೇಶವನ್ನು ಮುಂದಿಟ್ಟುಕೊಂಡು ಈ ಸಮಸ್ಯೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಕ್ಯಾಂಟನ್ನಿನ ಬೀದಿ

ಕ್ರಿ.ಶ. 1757ರಲ್ಲಿ ಚೀನಾದ ಚಕ್ರವರ್ತಿ ಚಿಯೆನ್‌ಲುಂಗನು ಐರೋಪ್ಯರ ಸಮುದ್ರ ವ್ಯಾಪಾರವನ್ನು ಕ್ಯಾಂಟನ್ ಬಂದರೊಂದಕ್ಕೇ ಸೀಮಿತಗೊಳಿಸಿದನು. 1842ರ ನಾನ್‌ಕಿಂಗ್ ಒಪ್ಪಂದದವರೆಗೆ ಈ ಕಟ್ಟುಪಾಡು ಜಾರಿಯಲ್ಲಿತ್ತು. ಐರೋಪ್ಯರು ಪಟ್ಟಣದ ಗೋಡೆಯ ಹೊರಗೆ, ನದಿಯ ದಡದಲ್ಲಿದ್ದ ಕೋಠಿಗಳಲ್ಲಿ ವಾಸಿಸಬೇಕಿತ್ತು. ಕೋಟೆಯೊಳಗಿನ ಪಟ್ಟಣಕ್ಕೆ ಅವರಿಗೆ ಪ್ರವೇಶವಿರಲಿಲ್ಲ. ಕೋಠಿಗಳ ಸಮೀಪದ ಕೆಲವು ಬೀದಿಗಳಲ್ಲಿ ಅವರಿಗಾಗಿಯೇ ಅಂಗಡಿಗಳು ತೆರೆದಿದ್ದವು. ರೇಷ್ಮೆ, ಪಿಂಗಾಣಿ, ಅರಗಿನ ಸಾಮಾನುಗಳೊಡನೆ ಚಿತ್ರಗಳೂ ಅಲ್ಲಿ ಮಾರಾಟವಾಗುತ್ತಿದ್ದವು.

ಈ ಅಂಗಡಿಗಳ ಚಿತ್ರಗಾರರಲ್ಲಿ ಪೂ ಕ್ವಾ, ಲಾಮ್ ಕ್ವಾ, ಟಿಂಗ್ ಕ್ವಾ ಮುಂತಾದ ಹೆಸರುಗಳು ಉಳಿದುಬಂದಿವೆ. 'ಕ್ವಾ' ಎಂಬುದು ಹೊರನಾಡಿನವರೊಡನೆ ವ್ಯವಹರಿಸುತ್ತಿದ್ದವರ ಹೆಸರಿಗೆ ಸೇರುತ್ತಿದ್ದ ಗೌರವಸೂಚಕ. ಹೆಸರು ಒಬ್ಬನದಾದರೂ ಕೆಲಸ ಹಲವರದು. ರೇಖೆಯನ್ನು ಮೂಲಪ್ರತಿಯಿಂದ ಎತ್ತಿಕೊಳ್ಳುವುದು, ಬಣ್ಣ ತುಂಬುವುದು, ಮುಖವನ್ನು ತಿದ್ದುವುದು ಹೀಗೆ ಕೆಲಸವು ಕೈಯಿಂದ ಕೈಗೆ ಸಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಗಿಡವೊಂದರ ಬೆಂಡಿನಿಂದ ತೆಳ್ಳಗೆ ಹೆರೆದ ಹಾಳೆಗಳ ಮೇಲೆ ಬರೆದ ಚಿತ್ರಗಳು ಬಹು ಜನಪ್ರಿಯವಾದವು. ಐರೋಪ್ಯರು ಇದನ್ನು ತಪ್ಪಾಗಿ ಅಕ್ಕಿಯ ಕಾಗದವೆಂದು ಕರೆದರು. ಈ ಚಿತ್ರಗಳು ಸಾಮಾನ್ಯವಾಗಿ ಹನ್ನೆರಡು ಹಾಳೆಗಳ ಪುಟ್ಟ ಸಂಪುಟಗಳಾಗಿ ಬಿಕರಿಯಾಗುತ್ತಿದ್ದವು.

ಈ ಚಿತ್ರಗಳು ಐರೋಪ್ಯ ಓದುಗರಿಗೆ ಪರಿಚಯವಾದ ಬಗೆಯಲ್ಲಿ ದಕ್ಷಿಣ ಭಾರತದ ಪಾತ್ರವೂ ಇದೆ ಎಂಬುದು ಗಮನಾರ್ಹ. ಮದರಾಸಿನಲ್ಲಿದ್ದ 102ನೆಯ ದಳದ ಅಧಿಕಾರಿ ಜಾರ್ಜ್ ಹೆನ್ರಿ ಮೇಸನ್ ಎಂಬವನು 1789ರ ಸುಮಾರಿಗೆ ಆರೋಗ್ಯ ಸುಧಾರಣೆಗಾಗಿ ಕ್ಯಾಂಟನ್ನಿಗೆ ಹೋದನು. ಅಲ್ಲಿ ಪೂ ಕ್ವಾನ ಅಂಗಡಿಯ ಚಿತ್ರಗಳನ್ನು ಕೊಂಡನು. ಇವುಗಳ ಆಧಾರದ ಮೇಲೆ 1800ರಲ್ಲಿ ಲಂಡನ್ನಿನಲ್ಲಿ 'ಚೀನಾದ ಉಡುಗೆ' ಎಂಬರ್ಥದ ಹೆಸರಿನ ಗ್ರಂಥವು ಅರವತ್ತು ಬಣ್ಣದ ಫಲಕಗಳೊಡನೆ ಇಂಗ್ಲಿಷ್ ಮತ್ತು ಫ್ರೆಂಚ್ ವಿವರಣೆಗಳ ಸಮೇತ ಪ್ರಕಟವಾಯಿತು. ಕ್ಷೌರಿಕ, ಚಮ್ಮಾರ, ಕಪ್ಪೆ ಹಿಡಿಯುವವನು, ಹಾವು ಮಾರುವವನು, ಕಾಗದದ ದೀಪಗಳಿಗೆ ಬಣ್ಣ ಬರೆಯುವವನು ಮುಂತಾದವರು ಅದರ ಫಲಕಗಳಲ್ಲಿದ್ದಾರೆ. ಮರುವರ್ಷ, ಅಂದರೆ 1801ರಲ್ಲಿ, ಚೀನಾದ ಶಿಕ್ಷಾಪದ್ಧತಿಗಳನ್ನು ತೋರಿಸುವ ಫಲಕಗಳ ಗ್ರಂಥವೂ ಹೊರಬಂದಿತು. ಕಸುಬು ಮತ್ತು ಶಿಕ್ಷೆ ಎರಡೂ ಒಂದೇ ಕುತೂಹಲದ ಸರಕುಗಳಾಗಿದ್ದವೆಂಬುದಕ್ಕೆ ಇದೊಂದು ನಿದರ್ಶನ.

ಚೀನಾದಲ್ಲಿ ಎಲ್ಲ ಕಸುಬುಗಳನ್ನೂ ಒಟ್ಟಾಗಿ 'ಮುನ್ನೂರ ಅರವತ್ತು ಕಸುಬು' ಎಂದು ಕರೆಯುವ ವಾಡಿಕೆಯಿದೆ. ಟಿಂಗ್ ಕ್ವಾನ ಕಾರ್ಯಾಗಾರದ್ದೆಂದು ಹೇಳಲಾದ ಮುನ್ನೂರ ಅರವತ್ತು ಚಿತ್ರಗಳ ಸಂಗ್ರಹವು ಅಮೆರಿಕದ ಪೀಬಾಡಿ ಎಸೆಕ್ಸ್ ವಸ್ತುಸಂಗ್ರಹಾಲಯದಲ್ಲಿದ್ದು, 1999ರಲ್ಲಿ ಶಾಂಘೈಯಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಕೊಳ್ಳುವವನು ನಡೆದಾಡಲಾಗದ ಬೀದಿಯನ್ನು ಚಿತ್ರವಾಗಿ ಮನೆಗೆ ಒಯ್ಯುತ್ತಿದ್ದನು ಎಂಬುದು ಕ್ಯಾಂಟನ್ ಚಿತ್ರಗಳ ತಿರುಳು. ಅವನ ಕಣ್ಣಿಗೆ ಏನು ಬೀಳಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದವನು ಚೀನೀ ಚಿತ್ರಗಾರ. ಆದ್ದರಿಂದ ಈ ಚಿತ್ರಗಳಲ್ಲಿ ಹಸಿವು, ಜಗಳ, ತೆರಿಗೆಯವನ ಕಾಟಗಳಿಗಿಂತ ಅಚ್ಚುಕಟ್ಟಾದ ಬಟ್ಟೆ ತೊಟ್ಟು ಶಾಂತವಾಗಿ ನಿಂತ ಕಸುಬುದಾರನೇ ಹೆಚ್ಚು.

ದಕ್ಷಿಣ ಭಾರತದಲ್ಲಿ ಕಂಪನಿ ಶೈಲಿ

ಐರೋಪ್ಯರು ಏಷ್ಯಾದ ಜನರನ್ನು ಸರಣಿಯಾಗಿ ಬರೆಯಿಸುವ ಕ್ರಮಕ್ಕೆ ಇನ್ನೂ ಹಳೆಯ ನೆಲೆಯಿದೆ. ರೋಮಿನ ಕಸನಾತೆನ್ಸೆ ಗ್ರಂಥಾಲಯದಲ್ಲಿರುವ, ಹದಿನಾರನೆಯ ಶತಮಾನದ ಮಧ್ಯಭಾಗದ ಸಂಪುಟವೊಂದರಲ್ಲಿ ಪೂರ್ವ ಆಫ್ರಿಕಾದಿಂದ ಚೀನಾದವರೆಗಿನ ಜನರ 76 ಚಿತ್ರಗಳು ಪೋರ್ಚುಗೀಸ್ ಬರಹಗಳೊಡನೆ ಇವೆ. ಬರೆದವನು ಭಾರತೀಯ ಚಿತ್ರಗಾರನೆಂದು ವಿದ್ವಾಂಸರ ಅಭಿಪ್ರಾಯ. ಗೋವೆಯ ಸುತ್ತಲಿನ, ಪೋರ್ಚುಗೀಸರು 'ಕನಾರಿಂ' ಎಂದು ಕರೆದ ಜನರ ಚಿತ್ರಗಳೂ ಇದರಲ್ಲಿವೆ. ಕ್ರಿ.ಶ. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ ಕ್ರಿಸ್ತೊವಾವ್ ದ ಫಿಗೇರೆದೊ ಎಂಬ ಪೋರ್ಚುಗೀಸನು ತನ್ನ ಕೋವಿಯವರೊಡನೆ ಅವನ ಪಾಳೆಯದಲ್ಲಿದ್ದನೆಂದು ನೂನಿಜನ ವರದಿ ತಿಳಿಸುತ್ತದೆ. ಇದಕ್ಕೆ ಪ್ರತಿಯಾಗಿ ವಿಜಯನಗರದ ಶಿಲ್ಪಿಗಳು ಮಹಾನವಮಿ ದಿಬ್ಬದ ಮೇಲೆ ಕುದುರೆ ತಂದ ವಿದೇಶೀ ವ್ಯಾಪಾರಿಗಳನ್ನು ಕಡೆದಿದ್ದಾರೆ. ನೋಟವು ಎರಡು ಕಡೆಯಿಂದಲೂ ಹರಿದಿತ್ತೆಂಬುದಕ್ಕೆ ಇವು ಸಾಕ್ಷಿ.

ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ತಂಜಾವೂರಿನ ಚಿತ್ರಗಾರರು ಕಂಪನಿಯ ಅಧಿಕಾರಿಗಳಿಗಾಗಿ ಕಸುಬು ಮತ್ತು ಜಾತಿಗಳ ಸರಣಿಗಳನ್ನು ಬರೆಯತೊಡಗಿದರು. ಪ್ರತಿ ಹಾಳೆಯಲ್ಲಿ ಗಂಡ ಹೆಂಡಿರ ಜೋಡಿ, ಕೈಯಲ್ಲಿ ಕಸುಬಿನ ಉಪಕರಣ, ಹಿನ್ನೆಲೆಯಲ್ಲಿ ಬರಿದಾದ ಆಕಾಶ ಇಲ್ಲವೆ ತೆಳ್ಳನೆಯ ನೆಲ: ಇದು ಈ ಸರಣಿಗಳ ಸಾಮಾನ್ಯ ವಿನ್ಯಾಸ. ಈ ಚಿತ್ರಗಾರರನ್ನು ಇಂಗ್ಲಿಷರು ಮೋಚಿಗಳೆಂದು ಕರೆಯುತ್ತಿದ್ದರು. ತೊಗಲು ಮತ್ತು ಬಣ್ಣದ ಕೆಲಸ ಎರಡನ್ನೂ ಬಲ್ಲ ಮನೆತನಗಳಿಗೆ ಈ ಹೆಸರಿತ್ತು. ತಿರುಚಿನಾಪಳ್ಳಿಯಲ್ಲಿ ಅಭ್ರಕದ ತೆಳು ಹಾಳೆಗಳ ಮೇಲೆ ಇಂಥವೇ ಚಿತ್ರಗಳನ್ನು ಬರೆದು ಮಾರುತ್ತಿದ್ದರು. ಮಧುರೆಯಲ್ಲಿ 1837ರಲ್ಲಿ ಸಿದ್ಧವಾದ, ಎಪ್ಪತ್ತೆರಡು ಜಾತಿಗಳ ಮಾದರಿಗಳೆಂಬ ಹೆಸರಿನ ಅಭ್ರಕ ಚಿತ್ರಗಳ ಸಂಪುಟವು ಅಮೆರಿಕದ ಪಾದ್ರಿಯ ಮೂಲಕ ಸಾಗರ ದಾಟಿ ಇಂದು ಯೇಲ್ ವಿಶ್ವವಿದ್ಯಾಲಯದಲ್ಲಿದೆ.

ಉತ್ತರದಲ್ಲಿ ಫ್ಲೆಮಿಷ್ ಚಿತ್ರಗಾರ ಬಾಲ್ತಜಾರ್ ಸಾಲ್ವಿನ್ಸನು ಕಲ್ಕತ್ತೆಯಲ್ಲಿದ್ದು 250 ಬಣ್ಣದ ಕೆತ್ತನೆ ಚಿತ್ರಗಳನ್ನು 1790ರ ದಶಕದಲ್ಲಿ ಪ್ರಕಟಿಸಿದನು. ಕರ್ನಲ್ ಜೇಮ್ಸ್ ಸ್ಕಿನ್ನರನು 1825ರಲ್ಲಿ ಜಾತಿ ಮತ್ತು ಕಸುಬುಗಳ ಕುರಿತ ಪಾರಸಿ ಗ್ರಂಥವನ್ನು ಚಿತ್ರಸಮೇತ ಸಿದ್ಧಪಡಿಸಿದನು. ಲಂಡನ್, ಪ್ಯಾರಿಸ್ ಪಟ್ಟಣಗಳಲ್ಲಿ ಬೀದಿ ವ್ಯಾಪಾರಿಗಳ ಕೂಗುಗಳನ್ನು ಚಿತ್ರಿಸಿದ ಅಚ್ಚಿನ ಹಾಳೆಗಳು ಬಹುಕಾಲದಿಂದ ಪ್ರಚಾರದಲ್ಲಿದ್ದವು. ಆ ಅಭಿರುಚಿಯೇ ಏಷ್ಯಾದ ಪೇಟೆಗಳಲ್ಲಿ ಹೊಸ ಬೇಡಿಕೆಯಾಯಿತು.

ಚೀನಾ ಮತ್ತು ಭಾರತದ ಚಿತ್ರಗಳು ನೋಡಲು ಒಂದೇ ಜಾತಿಯವು. ಆದರೆ ಅಧಿಕಾರದ ಸಂಬಂಧ ಬೇರೆ. ಕ್ಯಾಂಟನ್ನಿನಲ್ಲಿ ಕೊಳ್ಳುವವನು ಅತಿಥಿ. ಭಾರತದಲ್ಲಿ ಅವನು ಆಳುವವನು, ಇಲ್ಲವೆ ಆಳಲು ಬರುತ್ತಿರುವವನು. ಬೀದಿಯನ್ನು ಕಾಣದವನಿಗೆ ಚಿತ್ರವು ನೆನಪಿನ ಕಾಣಿಕೆ. ಬೀದಿಯಿಂದ ತೆರಿಗೆ ಎತ್ತುವವನಿಗೆ ಅದೇ ಚಿತ್ರವು ಮಾಹಿತಿಯ ಒಂದು ತುಣುಕು. ಈ ವ್ಯತ್ಯಾಸವು ಕನ್ನಡ ನಾಡಿಗೆ ಸಂಬಂಧಿಸಿದ ಸಂಪುಟವೊಂದರಲ್ಲಿ ಸ್ಪಷ್ಟವಾಗುತ್ತದೆ.

ಬಾಲಾಘಾಟಿನ ಚಿತ್ರಸಂಪುಟ

ಶ್ರೀರಂಗಪಟ್ಟಣದ ಪತನದ (1799) ನಂತರ ಕರ್ನಲ್ ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ಮೈಸೂರು ಸೀಮೆಯ ಮೋಜಣಿ ಆರಂಭವಾಯಿತು. ಅದಕ್ಕೆ ಮುನ್ನ ನಿಜಾಮನ ಸೀಮೆಯಲ್ಲಿಯೂ ಮೋಜಣಿ ನಡೆಸಿದ್ದ ಅವನಿಗೆ ದಖನ್ನಿನ ಪರಿಚಯ ಚೆನ್ನಾಗಿಯೇ ಇತ್ತು. ಕಾವಲಿ ವೆಂಕಟ ಬೊರ್ರಯ್ಯ, ಲಕ್ಷ್ಮಯ್ಯ ಸೋದರರು ಹಾಗೂ ಹಲವು ಪಂಡಿತರು ಅವನ ಪರವಾಗಿ ಊರೂರು ಸುತ್ತಿ ಶಾಸನ, ಓಲೆಗರಿ, ಕೈಫಿಯತ್ತುಗಳನ್ನು ಕಲೆಹಾಕಿದರು. ಇದರೊಡನೆ ಚಿತ್ರಗಳೂ ಸಂಗ್ರಹವಾದವು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಮೆಕೆಂಜಿ ಸಂಗ್ರಹದಲ್ಲಿ ಬಾಲಾಘಾಟ್ ಕರ್ನಾಟಕದ ಉಡುಗೆಗಳೆಂಬ ಅರ್ಥದ ಶೀರ್ಷಿಕೆಯುಳ್ಳ, 1800 ಮತ್ತು 1801ರ ಕಾಲದ ಸಂಪುಟವೊಂದಿದೆ. ಘಟ್ಟದ ಮೇಲಿನ ಬಯಲುಸೀಮೆಗೆ ಆ ಕಾಲದಲ್ಲಿ ಬಾಲಾಘಾಟ್ ಎಂಬ ಹೆಸರು ರೂಢಿಯಲ್ಲಿತ್ತು. ಪಾಳೆಯಗಾರರ ಕಾವಲಿನವರು, ಭಿಕ್ಷುಕರು, ಹೆಂಗಸರು, ಕಸುಬಿನ ಜನರು ಒಬ್ಬೊಬ್ಬರಾಗಿ ಇಲ್ಲವೆ ಜೊತೆಯಾಗಿ ಅದರ ಹಾಳೆಗಳಲ್ಲಿ ನಿಂತಿದ್ದಾರೆ.

ಸಂಪುಟದ ಶೀರ್ಷಿಕೆಯಲ್ಲಿರುವುದು 'ಉಡುಗೆ' ಎಂಬ ಪದ, 'ಜಾತಿ' ಎಂಬುದಲ್ಲ. ನಿಕೊಲಾಸ್ ಡರ್ಕ್ಸ್ ಅವರು 2001ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮೆಕೆಂಜಿಯ ಸಂಗ್ರಹವನ್ನು ಚರ್ಚಿಸುತ್ತ, ಆ ಹೊತ್ತಿಗೆ ಜಾತಿಯೊಂದೇ ಜನರನ್ನು ವಿಂಗಡಿಸುವ ಸೂತ್ರವಾಗಿ ಗಟ್ಟಿಗೊಂಡಿರಲಿಲ್ಲವೆಂದು ತೋರಿಸಿದ್ದಾರೆ. ಕಾವಲಿನವನು ತನ್ನ ದುರ್ಗದಿಂದ, ಭಿಕ್ಷುಕನು ತನ್ನ ಪಂಥದಿಂದ, ವ್ಯಾಪಾರಿಯು ತನ್ನ ಕಸುಬಿನಿಂದ ಗುರುತಾಗುವ ಈ ಮಿಶ್ರ ಕ್ರಮವು, ನಂತರದ ಜನಗಣತಿಯ ಕೋಷ್ಟಕಗಳಿಗಿಂತ ಅಂದಿನ ಜನಜೀವನಕ್ಕೆ ಹತ್ತಿರವಾದುದೆನ್ನಬಹುದು.

ಮೆಕೆಂಜಿಯು ಅಂಗಡಿಯಲ್ಲಿ ಚಿತ್ರ ಕೊಳ್ಳುವ ಮೇಸನ್ನನಂಥ ಗಿರಾಕಿಯಲ್ಲ. ಅವನ ಚಿತ್ರಗಾರರು ಮೋಜಣಿಯ ಸಿಬ್ಬಂದಿಯ ಭಾಗವಾಗಿದ್ದರು. ಆದರೂ ಚಿತ್ರದ ವ್ಯಾಕರಣ ಒಂದೇ. ಮನುಷ್ಯನನ್ನು ಅವನ ಊರಿನಿಂದ, ಮನೆಯಿಂದ, ಸಾಲಗಾರನಿಂದ, ಗೌಡ ಕುಲಕರ್ಣಿಯರಿಂದ ಬಿಡಿಸಿ ಬಿಳಿಯ ಹಾಳೆಯ ನಡುವೆ ನಿಲ್ಲಿಸುವುದು ಈ ವ್ಯಾಕರಣದ ಮೊದಲ ನಿಯಮ. ಹೆಸರಿನ ಜಾಗದಲ್ಲಿ ಕಸುಬನ್ನೋ ಪಂಥವನ್ನೋ ಬರೆಯುವುದು ಎರಡನೆಯ ನಿಯಮ.

ಮೆಕೆಂಜಿ ಸಂಗ್ರಹದ ಬರಹದ ಭಾಗವು ಕನ್ನಡಕ್ಕೆ ಮರಳಿ ಬಂದಿದೆ. ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು 'ಕರ್ನಾಟಕದ ಕೈಫಿಯತ್ತುಗಳು' ಎಂಬ ಬೃಹತ್ ಸಂಪುಟವನ್ನು 1994ರಲ್ಲಿ ಪ್ರಕಟಿಸಿತು. ಊರಿನವರ ಬಾಯಿಂದ ಬಂದ ಕೈಫಿಯತ್ತನ್ನೂ ಮೋಜಣಿಯವರ ಕೈಯಿಂದ ಬಂದ ಚಿತ್ರವನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದಾಗಲೇ ಎರಡರ ಮೌಲ್ಯವೂ ತಿಳಿಯುತ್ತದೆ. ಕೈಫಿಯತ್ತಿನಲ್ಲಿ ಊರಿಗೆ ಹೆಸರಿದೆ, ಕೆರೆಗೆ ಕಟ್ಟಿಸಿದವನಿದ್ದಾನೆ, ದಂಗೆಗೆ ಕಾರಣವಿದೆ. ಚಿತ್ರದಲ್ಲಿ ಮುಂಡಾಸಿನ ಸುತ್ತು ಇದೆ, ಮೆಟ್ಟಿನ ಆಕಾರವಿದೆ, ಕತ್ತಿಯ ಬಾಗು ಇದೆ. ಒಂದರಲ್ಲಿ ಇರುವುದು ಮತ್ತೊಂದರಲ್ಲಿ ಇಲ್ಲ.

ನದಿಯ ಉತ್ತರ ದಂಡೆ

1800ರ ಅಕ್ಟೋಬರಿನ ಒಪ್ಪಂದದಂತೆ ನಿಜಾಮನು ತುಂಗಭದ್ರೆಯ ದಕ್ಷಿಣದ ಬಳ್ಳಾರಿ, ಕಡಪ ಮುಂತಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ 1800ರಿಂದ 1807ರವರೆಗೆ ಅಲ್ಲಿ ಮುಖ್ಯ ಕಲೆಕ್ಟರನಾಗಿದ್ದನು. ಹೀಗೆ ತುಂಗಭದ್ರೆಯು ಎರಡು ಆಡಳಿತಗಳ ಗಡಿಯಾಯಿತು. ಶಾಸನಗಳಲ್ಲಿ ಎಡೆದೊರೆ ನಾಡೆಂದು ಹೆಸರಾದ ಕೃಷ್ಣಾ ತುಂಗಭದ್ರೆಗಳ ನಡುವಣ ಪ್ರದೇಶ, ಅಂದರೆ ರಾಯಚೂರು, ಮಾನ್ವಿ, ದೇವದುರ್ಗ, ಲಿಂಗಸುಗೂರುಗಳು ನಿಜಾಮನ ಆಳ್ವಿಕೆಯಲ್ಲಿಯೇ ಉಳಿದವು. ಒಂದೇ ಭಾಷೆ, ಒಂದೇ ಜೋಳದ ಎರೆಭೂಮಿ, ಒಂದೇ ಬಗೆಯ ಕಸುಬಿನ ಮನೆತನಗಳು. ಆದರೆ ದಕ್ಷಿಣದ ದಂಡೆಯ ಸೀಮೆಯು ಕಲೆಕ್ಟರ್ ಮತ್ತು ಮೋಜಣಿದಾರರ ಕಣ್ಣಿಗೆ ನೇರವಾಗಿ ಬಿದ್ದಿತು, ಉತ್ತರದ ದಂಡೆಯದು ಹೈದರಾಬಾದಿನ ಮೂಲಕ ಮಾತ್ರ ಕಂಡಿತು.

ಕಸುಬಿನ ಚಿತ್ರಗಳ ಪೇಟೆ ಬೆಳೆಯಲು ಮೂರು ಅನುಕೂಲಗಳು ಬೇಕಿದ್ದವು: ಹಣವುಳ್ಳ ಐರೋಪ್ಯರ ನೆಲೆ, ಕಾಗದ ಮತ್ತು ಬಣ್ಣಗಳ ಪೂರೈಕೆ, ದರಬಾರಿನ ಆಶ್ರಯ ಕಳೆದುಕೊಂಡು ಹೊಸ ಗಿರಾಕಿಯನ್ನು ಅರಸುವ ಚಿತ್ರಗಾರರು. ತಂಜಾವೂರು, ತಿರುಚಿನಾಪಳ್ಳಿ, ಮದರಾಸುಗಳಲ್ಲಿ ಈ ಮೂರೂ ಕೂಡಿಬಂದವು. ಎಡೆದೊರೆ ನಾಡಿನಲ್ಲಿ ಐರೋಪ್ಯರ ನೆಲೆಯೆಂದರೆ ಮುಖ್ಯವಾಗಿ ಲಿಂಗಸುಗೂರಿನ ದಂಡು. ಇನ್ನು ಚಿತ್ರಗಾರರು ಹೊಸ ಗಿರಾಕಿಯನ್ನು ಹುಡುಕಬೇಕಾದ ಒತ್ತಡವೂ ಇಲ್ಲಿ ಬೇರೆಯಾಗಿತ್ತು. ಕೃಷ್ಣೆಯ ಆಚೆ ಸುರಪುರದ ಬೇಡ ನಾಯಕರ ಸಂಸ್ಥಾನವು 1858ರವರೆಗೆ ಬಾಳಿ, ಅಲ್ಲಿನ ಚಿತ್ರಕಾರ ಮನೆತನಗಳಿಗೆ ದೇವತಾ ಚಿತ್ರಗಳ ಕೆಲಸವನ್ನು ಕೊಟ್ಟಿತು. ದೇವದುರ್ಗವೂ ಬೇಡ ನಾಯಕರ ಗಟ್ಟಿನೆಲೆಗಳಲ್ಲಿ ಒಂದಾಗಿತ್ತು. ಸುರಪುರದ ಚಿತ್ರಗಳಲ್ಲಿ ದೇವರು, ದೊರೆ, ಗುರುಗಳಿಗೆ ಇರುವ ಸ್ಥಾನ ಬೀದಿಯ ಕಸುಬುದಾರನಿಗೆ ಇಲ್ಲ. ಗಿರಾಕಿಯು ಭಕ್ತನಾದಾಗ ಚಿತ್ರದ ವಸ್ತು ದೇವರು; ಗಿರಾಕಿಯು ಪರದೇಶಿಯಾದಾಗ ಚಿತ್ರದ ವಸ್ತು ಭಕ್ತನ ಕಸುಬು.

ಈ ಸೀಮೆಯನ್ನು ಹತ್ತಿರದಿಂದ ಕಂಡ ಐರೋಪ್ಯರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಪ್ರಮುಖನು. 1841ರಿಂದ 1853ರವರೆಗೆ ಅವನು ಸುರಪುರದಲ್ಲಿ ರಾಜಕೀಯ ಅಧಿಕಾರಿಯಾಗಿದ್ದನು. ಸ್ವತಃ ಚಿತ್ರಗಾರನೂ ಆಗಿದ್ದ ಅವನ ದಖನ್ನಿನ ರೇಖಾಚಿತ್ರಗಳು 1837ರಲ್ಲಿಯೇ ಲಂಡನ್ನಿನಲ್ಲಿ ಕಲ್ಲಚ್ಚಿನಲ್ಲಿ ಪ್ರಕಟವಾಗಿದ್ದವು. ಇಲ್ಲಿ ಒಂದು ಮಾರ್ಪಾಡು ಕಾಣುತ್ತದೆ: ಕೊಳ್ಳುವ ಕಣ್ಣೇ ಬರೆಯುವ ಕೈಯೂ ಆಯಿತು, ಸ್ಥಳೀಯ ಚಿತ್ರಗಾರನು ನಡುವಿನಿಂದ ಸರಿದುಹೋದನು. 1853ರ ಒಪ್ಪಂದದಂತೆ ರಾಯಚೂರು ಸೀಮೆಯು ಬ್ರಿಟಿಷರ ಆಡಳಿತಕ್ಕೆ ಬಂದು 1860ರಲ್ಲಿ ಮತ್ತೆ ನಿಜಾಮನಿಗೆ ಸೇರಿತು. ಈ ಏಳು ವರ್ಷಗಳ ಹೊತ್ತಿಗೆ ಕಸುಬಿನ ಚಿತ್ರಗಳ ಕಾಲವೇ ಮುಗಿಯುತ್ತ ಬಂದಿತ್ತು. ಛಾಯಾಚಿತ್ರವು ಬಾಗಿಲಲ್ಲಿ ನಿಂತಿತ್ತು.

ಕೋಟೆಯ ಗೋಡೆಯ ಚಿತ್ರ

ಪರದೇಶಿ ಗಿರಾಕಿಯ ಹಂಗಿಲ್ಲದೆ ರಾಯಚೂರು ತನ್ನ ದುಡಿಮೆಯ ಚಿತ್ರವನ್ನು ಕಂಪನಿ ಶೈಲಿಗಿಂತ ಬಹಳ ಹಿಂದೆಯೇ ಕೊರೆದಿಟ್ಟಿತ್ತು. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಚಪ್ಪಡಿಯಿದೆ. ಕಾಕತೀಯರ ಕಾಲದಲ್ಲಿ, ಕ್ರಿ.ಶ. 1294ರಲ್ಲಿ, ಕೋಟೆ ಕಟ್ಟಿಸಿದ ವಿವರ ಆ ಕಲ್ಲಿನ ಶಾಸನದಲ್ಲಿದೆ. ಅದರ ಬಳಿಯ ಗೋಡೆಯ ಮೇಲೆ ಒಂದು ಗೀರುಚಿತ್ರವಿದೆ. ಗಟ್ಟಿ ಗಾಲಿಗಳ ಬಂಡಿಯ ಮೇಲೆ ಇಂಥ ಚಪ್ಪಡಿಯನ್ನು ಹೇರಿ, ಕೋಣಗಳ ಉದ್ದನೆಯ ಸಾಲು ಅದನ್ನು ಎಳೆಯುತ್ತಿದೆ. ಜನರು ಅವುಗಳನ್ನು ಹುರಿದುಂಬಿಸುತ್ತಿದ್ದಾರೆ. ಕೆಲವರು ಗಾಲಿಗಳಿಗೆ ಸನಿಕೆ ಕೊಟ್ಟು ಮೀಟುತ್ತಿದ್ದಾರೆ.

ಕಲೆಯ ಸೊಗಸಿನಿಂದ ನೋಡಿದರೆ ಇದು ಒರಟು ಕೆಲಸ. ಆದರೆ ಆಕರವಾಗಿ ಇದರ ಬೆಲೆ ದೊಡ್ಡದು. ಕ್ಯಾಂಟನ್ನಿನ ಹಾಳೆಯಲ್ಲಾಗಲಿ ತಂಜಾವೂರಿನ ಹಾಳೆಯಲ್ಲಾಗಲಿ ಕಸುಬುದಾರನು ಒಂಟಿ. ಅವನ ಕೈಯಲ್ಲಿ ಉಪಕರಣವಿದ್ದರೂ ಕೆಲಸ ನಿಂತಿರುತ್ತದೆ, ಅವನು ನೋಡುವವನ ಮುಂದೆ ನಿಂತಿರುತ್ತಾನೆ. ರಾಯಚೂರಿನ ಗೋಡೆಯಲ್ಲಿ ಯಾರೂ ನೋಡುವವನತ್ತ ತಿರುಗಿಲ್ಲ. ಅಲ್ಲಿ ಕೆಲಸ ನಡೆಯುತ್ತಿದೆ: ಭಾರವಿದೆ, ಎಳೆತವಿದೆ, ಒಬ್ಬರ ಕೈ ಇನ್ನೊಬ್ಬರ ಕೆಲಸಕ್ಕೆ ಆಧಾರವಾಗಿದೆ. ಕಲ್ಲು ಗಣಿಯಿಂದ ಕೋಟೆಗೆ ಬಂದ ಬಗೆಯನ್ನು ವಿವರಿಸುವ ತಾಂತ್ರಿಕ ದಾಖಲೆಯೂ ಇದೇ. ಕಲ್ಲನ್ನು ನೆಲೆಗೊಳಿಸಿದವರ ಹೆಮ್ಮೆ ಇದರ ಹಿಂದಿನ ಪ್ರೇರಣೆಯೆಂದು ಊಹಿಸುವುದು ಅಸಹಜವಲ್ಲ. ಶಾಸನವು ಕಟ್ಟಿಸಿದವರನ್ನು ಹೇಳಿದರೆ ಗೀರುಚಿತ್ರವು ಕಟ್ಟಿದವರನ್ನು ತೋರಿಸುತ್ತದೆ.

ಹೆಸರುಳ್ಳ ಕಸುಬು

ಚೀನಾದ ಮುನ್ನೂರ ಅರವತ್ತು ಕಸುಬುಗಳಿಗೆ ಎದುರಾಗಿ ಕನ್ನಡ ನಾಡಿನ ಊರುಗಳಲ್ಲಿ ಹನ್ನೆರಡು ಆಯಗಾರರೆಂಬ ಎಣಿಕೆಯಿತ್ತು. ಬಡಿಗೇರ, ಕಂಬಾರ, ಪತ್ತಾರ, ಕುಂಬಾರ, ಮಡಿವಾಳ, ಹಡಪದ, ತಳವಾರ ಮುಂತಾದವರಿಗೆ ಸುಗ್ಗಿಯ ಕಣದಲ್ಲಿ ಆಯದ ಪಾಲು ಸಲ್ಲುತ್ತಿತ್ತು. ಇಲ್ಲಿ ಕಸುಬು ಎಂಬುದು ಕೊಡುಕೊಳುವಿಕೆಯ ಸಂಬಂಧ, ಬಿಡಿ ಆಕೃತಿಯಲ್ಲ. ಕಂಬಾರನನ್ನು ಬರೆಯಬೇಕಾದರೆ ಅವನ ಕುಲುಮೆಯ ಮುಂದೆ ಕುಳ ಹಿಡಿದು ನಿಂತ ಒಕ್ಕಲಿಗನನ್ನೂ ಬರೆಯಬೇಕಾಗುತ್ತದೆ. ಕಂಪನಿ ಶೈಲಿಯ ಹಾಳೆಯಲ್ಲಿ ಈ ಒಕ್ಕಲಿಗನಿಗೆ ಸ್ಥಳವಿಲ್ಲ. ಈ ಸಂಬಂಧದೊಳಗೇ ಅಸಮಾನತೆ, ಅಸ್ಪೃಶ್ಯತೆ, ಬಿಟ್ಟಿ ದುಡಿಮೆಗಳೂ ಸೇರಿದ್ದವೆಂಬುದನ್ನು ಮರೆಯಲಾಗದು. ಹಾಳೆಯು ಸಂಬಂಧವನ್ನು ಬಿಟ್ಟಾಗ ಆಸರೆಯ ಜೊತೆಗೆ ಅನ್ಯಾಯವೂ ಕಣ್ಮರೆಯಾಗುತ್ತದೆ.

ಹನ್ನೆರಡನೆಯ ಶತಮಾನದ ಶರಣರು ಕಸುಬನ್ನು ತಮ್ಮ ಹೆಸರಿನೊಡನೆಯೇ ಧರಿಸಿದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಇವು ಕಸುಬೂ ಹೌದು, ವ್ಯಕ್ತಿಯೂ ಹೌದು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಪರಂಪರೆ ಹೇಳುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಜೀವಿಸಿದವರು. ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರಲು ಕಳುಹಿದಳೆಂಬ ಕಥೆ ಪ್ರಸಿದ್ಧವಾಗಿದೆ. ತಂಜಾವೂರಿನ ಹಾಳೆಗಳಲ್ಲಿಯೂ ಗಂಡ ಹೆಂಡಿರ ಜೋಡಿಯೇ ಇದೆ. ಆದರೆ ಅಲ್ಲಿ ಹೆಂಡತಿಯು ಉಡುಗೆಯ ಮಾದರಿ; ಇಲ್ಲಿ ಅವಳು ಕಾಯಕದ ನೀತಿಯನ್ನು ನಿರ್ಣಯಿಸುವವಳು, ಗಂಡನನ್ನು ಪ್ರಶ್ನಿಸಿ ವಚನ ನುಡಿದವಳು. ಕಸುಬಿನವರ ಚರಿತ್ರೆ ಬರೆಯುವಾಗ ಈ ಎರಡು ಜೋಡಿಗಳ ಅಂತರವನ್ನು ಗಮನಿಸಬೇಕು.

ಜನರನ್ನು ಬಗೆಬಗೆಯಾಗಿ ತೋರಿಸುವ ಕಲೆ ಈ ಸೀಮೆಗೆ ಅಪರಿಚಿತವೇನಲ್ಲ. ಮನೆ ಮನೆಯ ಮುಂದೆ ದಿನಕ್ಕೊಂದು ವೇಷದಲ್ಲಿ ಬರುವ ಹಗಲುವೇಷಗಾರರು, ತೊಗಲುಗೊಂಬೆಗೆ ಬಣ್ಣ ಬರೆದು ಆಡಿಸುವ ಕಿಳ್ಳೇಕ್ಯಾತರು ಇದನ್ನೇ ಮಾಡುತ್ತ ಬಂದವರು. ಅಲ್ಲಿ ನೋಡುವವನೂ ಆಡುವವನೂ ಒಂದೇ ನುಡಿಯವರಾದುದರಿಂದ ಅಣಕವೂ ಉತ್ತರವೂ ಸಾಧ್ಯವಾಗುತ್ತದೆ. ಇನ್ನು 1997ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದು ಈಗ ಕೊಪ್ಪಳ ಜಿಲ್ಲೆಯಲ್ಲಿರುವ ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತಿ, ಹುಣಿಸೆ ಬೀಜದ ಅಂಟಿನಿಂದ ಹದಗೊಳಿಸಿ, ತಗಡಿನ ಲೇಪದ ಲಾಜವಾರ ವಿಧಾನದಿಂದ ಹೊಳಪು ಕೊಡುತ್ತಾರೆ. ಹಬ್ಬ ಜಾತ್ರೆಗಳಿಗಾಗಿ ದೇವರ ಮೂರ್ತಿಗಳನ್ನು ಮಾಡುತ್ತಿದ್ದ ಈ ಮನೆತನಗಳು ಇಪ್ಪತ್ತನೆಯ ಶತಮಾನದಲ್ಲಿ ಪಟ್ಟಣದ ಕೊಳ್ಳುವವರಿಗಾಗಿ ಅಲಂಕಾರದ ಗೊಂಬೆಗಳನ್ನೂ ಮಾಡತೊಡಗಿದವು. ಗಿರಾಕಿ ಬದಲಾದಂತೆ ಚಿತ್ರಗಾರನ ವಸ್ತು ಬದಲಾಗುವ ಕ್ರಿಯೆ, ಕ್ಯಾಂಟನ್ನಿನಲ್ಲಿ ನಡೆದಂತೆಯೇ, ಇಲ್ಲಿ ಸ್ವದೇಶಿ ಪೇಟೆಯ ಒತ್ತಾಯದಿಂದ ನಡೆಯಿತು.

ಕುಂಚದಿಂದ ಕ್ಯಾಮೆರಾಕ್ಕೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಸುಬಿನ ಚಿತ್ರಗಳ ಸ್ಥಾನವನ್ನು ಛಾಯಾಚಿತ್ರವು ಆಕ್ರಮಿಸಿತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ 'ಭಾರತದ ಜನರು' ಎಂಬರ್ಥದ ಹೆಸರಿನ ಗ್ರಂಥಮಾಲೆಯಲ್ಲಿ 450ಕ್ಕೂ ಹೆಚ್ಚು ಛಾಯಾಚಿತ್ರಗಳಿವೆ. ಅದರ ವಿವರಣೆಗಳನ್ನು ಬರೆದವರಲ್ಲಿ ಸುರಪುರದ ಮೆಡೋಸ್ ಟೇಲರನೂ ಒಬ್ಬನು. 1857ರ ಹೋರಾಟದ ಅನಂತರದ ಈ ಗ್ರಂಥಮಾಲೆಯ ವಿವರಣೆಗಳಲ್ಲಿ ಯಾವ ಜನರು ನಂಬಿಕೆಗೆ ಅರ್ಹರು, ಯಾರು ಅಲ್ಲ ಎಂಬ ತೀರ್ಪಿನ ಧ್ವನಿಯಿದೆ. ಸಂಪುಟವೊಂದರ ಶೀರ್ಷಿಕೆಯಲ್ಲಿ 'ಉಡುಗೆ' ಎಂದಿದ್ದುದು ಎಪ್ಪತ್ತು ವರ್ಷಗಳೊಳಗೆ ಗುಣ ಸ್ವಭಾವಗಳ ಪಟ್ಟಿಯಾಗಿ ಮಾರ್ಪಟ್ಟಿತು.

1871ರಲ್ಲಿ ಮುಂಬಯಿ ಮತ್ತು ಮದರಾಸುಗಳಿಂದ ಬಂದ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಹೊರಗಿನ ಸರಕು ಒಳಬಂದಂತೆ ಊರಿನ ಕಸುಬುಗಳ ಸ್ಥಿತಿಯೂ ಬದಲಾಯಿತು. ಇಪ್ಪತ್ತನೆಯ ಶತಮಾನದ ಆರಂಭದ ಗೆಜೆಟಿಯರುಗಳು ರಾಯಚೂರಿನ ಮೆಟ್ಟು ಮತ್ತು ಮಣ್ಣಿನ ಸಾಮಾನುಗಳ ಹೆಸರನ್ನು ಎತ್ತಿ ಹೇಳುತ್ತವೆ. ಆದರೆ ಅವನ್ನು ಮಾಡಿದ ಸಮಗಾರ, ಕುಂಬಾರರ ಹೆಸರುಗಳು ಅಲ್ಲಿಲ್ಲ. 1920ರಲ್ಲಿ ಸೈಯದ್ ಸಿರಾಜುಲ್ ಹಸನರು ನಿಜಾಮ ರಾಜ್ಯದ ಜಾತಿ ಬುಡಕಟ್ಟುಗಳ ಬಗೆಗೆ ಪ್ರಕಟಿಸಿದ ಇಂಗ್ಲಿಷ್ ಗ್ರಂಥವು ಬೇಡ, ಜಂಗಮ, ಪಂಚಾಳ, ಮಾದಿಗ ಮೊದಲಾದ ಸಮುದಾಯಗಳನ್ನು ವಿವರಿಸಿತು. ಈ ವೇಳೆಗೆ ನದಿಯ ಎರಡೂ ದಂಡೆಗಳು ಒಂದೇ ಬಗೆಯ ಕೋಷ್ಟಕದೊಳಗೆ ಬಂದಿದ್ದವು. ಕುಂಚದ ಕಣ್ಣಿಗೆ ಹೊರಗಾಗಿದ್ದ ಉತ್ತರ ದಂಡೆಯು ಜನಾಂಗ ವಿವರಣೆಯ ಕಣ್ಣಿಗೆ ಒಳಗಾಯಿತು.

ಉಪಸಂಹಾರ

ಈವರೆಗಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಐರೋಪ್ಯ ಗಿರಾಕಿಗಳಿಗಾಗಿ ರಚಿತವಾದ ಕಸುಬಿನ ಚಿತ್ರಗಳು ಕಸುಬಿನ ಜೊತೆಗೆ ಮಾರಾಟದ ದಾಖಲೆಗಳೂ ಆಗಿವೆ. ಉಪಕರಣ, ಉಡುಗೆ, ಒಡವೆಗಳ ವಿಚಾರದಲ್ಲಿ ಅವು ಕೊಡುವ ಸಾಕ್ಷ್ಯ ಬೆಲೆಯುಳ್ಳದ್ದು. ದುಡಿಮೆಯ ಸಂಬಂಧ, ಕೂಲಿ, ಹಕ್ಕು, ನೋವುಗಳ ವಿಚಾರದಲ್ಲಿ ಅವು ಮೌನವಾಗಿವೆ. ಎರಡನೆಯದಾಗಿ, ಬಾಲಾಘಾಟಿನ ಚಿತ್ರಗಳನ್ನು ಇಡೀ ಕನ್ನಡ ನಾಡಿನ ಪ್ರತಿನಿಧಿಯಾಗಿ ಬಳಸುವುದು ಸರಿಯಲ್ಲ. ತುಂಗಭದ್ರೆಯ ಉತ್ತರ ದಂಡೆಯು ಬೇರೊಂದು ಆಡಳಿತ, ಬೇರೊಂದು ಪೇಟೆ, ಬೇರೊಂದು ಆಶ್ರಯ ವ್ಯವಸ್ಥೆಯ ಪ್ರದೇಶ. ಮೂರನೆಯದಾಗಿ, ಇಂಥ ಚಿತ್ರಗಳ ಪೇಟೆ ಬೆಳೆಯದಿದ್ದುದು ಆಕರಗಳ ಬಡತನವಲ್ಲ. ಕೋಟೆಯ ಗೀರುಚಿತ್ರ, ಶಾಸನ, ವಚನ, ಆಯದ ಪದ್ಧತಿ, ಹಗಲುವೇಷ, ಕಿನ್ನಾಳದ ಗೊಂಬೆ ಇವೆಲ್ಲವೂ ಕಸುಬಿನವರು ತಮ್ಮ ಬಗೆಗೆ ತಾವೇ ಉಳಿಸಿದ ಸಾಕ್ಷ್ಯಗಳು.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಏಕೀಕೃತ ರಾಜ್ಯವನ್ನು ಸೇರಿದಾಗ ತುಂಗಭದ್ರೆಯ ಎರಡು ದಂಡೆಗಳು ಮತ್ತೆ ಒಂದೇ ಆಡಳಿತಕ್ಕೆ ಬಂದವು. ಚರಿತ್ರೆಯ ಆಕರಗಳು ಮಾತ್ರ ಹಾಗೆ ಒಂದಾಗಿಲ್ಲ. ಒಂದು ದಂಡೆಯ ಚಿತ್ರಗಳು ಲಂಡನ್ನಿನಲ್ಲಿ ಪಟ್ಟಿಯಾಗಿ, ಕ್ರಮಾಂಕ ಪಡೆದು, ಹವೆ ನಿಯಂತ್ರಿಸಿದ ಕೊಠಡಿಯಲ್ಲಿವೆ. ಇನ್ನೊಂದು ದಂಡೆಯ ಚಿತ್ರವು ರಾಯಚೂರಿನ ಬಿಸಿಲಿನಲ್ಲಿ, ಬಯಲು ಗೋಡೆಯ ಮೇಲೆ, ಮಳೆಗಾಳಿಗೆ ಒಡ್ಡಿಕೊಂಡು ನಿಂತಿದೆ. ಅದರ ಗೆರೆಗಳನ್ನು ಅಳತೆಯ ಸಮೇತ ಪ್ರತಿ ತೆಗೆದು, ಚಪ್ಪಡಿಯ ಶಾಸನದೊಡನೆ ಇಟ್ಟು ಪ್ರಕಟಿಸುವುದು, ಮಾನ್ವಿ ದೇವದುರ್ಗಗಳ ಕಸುಬಿನ ಮನೆತನಗಳಲ್ಲಿ ಉಳಿದಿರುವ ಉಪಕರಣ ಮತ್ತು ಅವುಗಳ ಹೆಸರುಗಳನ್ನು ದಾಖಲಿಸುವುದು ಮುಂದಿನ ಸಂಶೋಧನೆಯ ಮೊದಲ ಕೆಲಸಗಳಾಗಬೇಕು. ಕೋಣಗಳ ಸಾಲಿನ ಪಕ್ಕದಲ್ಲಿ ಗಾಲಿ ಮೀಟುತ್ತಿರುವ ಆ ಜನರು ಯಾರ ಸಂಪುಟದಲ್ಲಿಯೂ ಮಾದರಿಗಳಾಗಿ ನಿಂತವರಲ್ಲ. ಕಲ್ಲು ಇಂದಿಗೂ ಅವರು ಇಟ್ಟ ಕಡೆಯಲ್ಲಿಯೇ ಇದೆ.